ಮರಳಿ ಬರುವ ಕಾಮಾಲೆ

ಮದ್ದೂರು ತಾಲ್ಲೂಕಿನ ನಮ್ಮ ಸೋಮನಹಳ್ಳಿಯ ಕಡೆ ಮಗುವಿನ ಕಣ್ಣು ಹಳದಿಯಾದರೆ ಹಿರಿಯರ ಬಾಯಲ್ಲಿ ಬರುವ ಮೊದಲ ಮಾತು, ‘ಕಾಮಾಲೆ, ನೆಲನೆಲ್ಲಿ ಅರೆದು ಕುಡಿಸಿ’ ಎಂಬುದೇ. ಸೋಂಕಿನ ಕಾಮಾಲೆ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಕೀರ್ತಿ ಸೊಪ್ಪಿಗೆ ಸಲ್ಲುತ್ತದೆ. ಆದರೆ ಕಾಮಾಲೆಯೆಲ್ಲ ಒಂದೇ ಅಲ್ಲವೆಂದು ನನಗೆ ಕಲಿಸಿದವಳು ನಮ್ಮ ಬೀದಿಯ ನಾಲ್ಕು ವರ್ಷದ ಹುಡುಗಿ.

ಅವಳಿಗೆ ಹೊಟ್ಟೆನೋವು ಬರುವುದು, ಕಣ್ಣು ಹಳದಿಯಾಗುವುದು, ವಾರದಲ್ಲಿ ತಿಳಿಯಾಗುವುದು. ತಿಂಗಳುಗಳ ಬಳಿಕ ಮತ್ತೆ ಅದೇ. ಮೂರನೆಯ ಬಾರಿ ಅಜ್ಜಿ ಬರೆ ಹಾಕಿಸೋಣವೆಂದರು. ತಾಯಿ ಒಪ್ಪದೆ ಆಸ್ಪತ್ರೆಗೆ ಕರೆದೊಯ್ದಳು. ಸ್ಕ್ಯಾನಿಂಗ್‌ನಲ್ಲಿ ಪಿತ್ತನಾಳವು ಚೀಲದಂತೆ ಉಬ್ಬಿರುವುದು ಕಂಡಿತು.

ಯಕೃತ್ತಿನ ಪಿತ್ತರಸವನ್ನು ಕರುಳಿಗೆ ಒಯ್ಯುವ ನಾಳವಿದು. ಹುಟ್ಟಿನಿಂದ ಬಂದ ದೋಷದಿಂದ ಉಬ್ಬಿದರೆ ರಸ ಅಲ್ಲಿಯೇ ಮಡುಗಟ್ಟುತ್ತದೆ. ಕಾಲುವೆಯಲ್ಲಿ ನೀರು ನಿಂತರೆ ಏನಾಗುವುದೆಂದು ಮಂಡ್ಯ ಸೀಮೆಯವರಿಗೆ ಹೇಳಬೇಕಿಲ್ಲ. ಸೋಂಕು, ಕಲ್ಲು, ಮೇದೋಜೀರಕ ಗ್ರಂಥಿಯ ಉರಿಯೂತ, ವರ್ಷಗಳು ಉರುಳಿದರೆ ಕ್ಯಾನ್ಸರ್ ಕೂಡ ಬರಬಹುದು. ಏಷ್ಯಾದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ನೋವು, ಕಾಮಾಲೆ, ಹೊಟ್ಟೆಯ ಬಲಭಾಗದ ಗಡ್ಡೆ ಮೂರೂ ಒಟ್ಟಿಗೆ ಕಾಣುವುದು ಕೆಲವೇ ಮಕ್ಕಳಲ್ಲಿ.

ಇದಕ್ಕೆ ಶಸ್ತ್ರಚಿಕಿತ್ಸೆಯೇ ಪರಿಹಾರ. ಹಿಂದೆ ಚೀಲವನ್ನು ಉಳಿಸಿ ಕರುಳಿಗೆ ಜೋಡಿಸುತ್ತಿದ್ದರು. ಉಳಿದ ಚೀಲದಲ್ಲಿ ಸೋಂಕು ಮರುಕಳಿಸಿ, ಕ್ಯಾನ್ಸರ್ ಹುಟ್ಟುವುದನ್ನು ಕಂಡು ಆ ಪದ್ಧತಿಯನ್ನು ಕೈಬಿಟ್ಟರು. ಈಗ ಚೀಲವನ್ನೂ ಪಿತ್ತಕೋಶವನ್ನೂ ತೆಗೆದು, ಸಣ್ಣಕರುಳಿನ ಒಂದು ಭಾಗವನ್ನು ಮೇಲೆತ್ತಿ ಯಕೃತ್ತಿನ ನಾಳಕ್ಕೆ ಹೊಲಿಯುತ್ತಾರೆ.

ಕಷ್ಟವಿರುವುದು ಒಪ್ಪಿಗೆ ನೀಡುವುದರಲ್ಲಿ. ನೋವಿಲ್ಲದ ದಿನಗಳಲ್ಲಿ ಅಂಗಳದಲ್ಲಿ ಆಡುತ್ತಿರುವ ಕೂಸಿನ ಹೊಟ್ಟೆ ಕೊಯ್ಯಿಸಲು ಯಾವ ತಾಯಿಗೆ ಮನಸ್ಸು ಬಂದೀತು? ‘ಚೆನ್ನಾಗಿದೆಯಲ್ಲ, ಬಿಡಿ’ ಎಂದವರೇ ಊರಲ್ಲಿ ಹೆಚ್ಚು. ಆದರೆ ಸೋಂಕು ಶಮನಗೊಂಡು ಮಗು ಚೆನ್ನಾಗಿರುವ ದಿನಗಳೇ ಶಸ್ತ್ರಚಿಕಿತ್ಸೆಗೆ ತಕ್ಕ ಕಾಲ. ಆ ತಾಯಿ ಇದನ್ನು ಅರಿತಳು. ಮಗಳು ಈಗ ಶಾಲೆಗೆ ಹೋಗುತ್ತಾಳೆ. ಆಗಾಗ ತಪಾಸಣೆ ಮಾತ್ರ ತಪ್ಪಿಸುವಂತಿಲ್ಲ.

ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿಯೂ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲಿಯೂ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗಗಳಿವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ದೊರೆಯುವುದೇ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿರಿ.

ಇನ್ನೊಂದು ಮಾತು: ಎರಡು ವಾರ ಕಳೆದರೂ ಹಸುಗೂಸಿನ ಕಾಮಾಲೆ ಇಳಿಯದಿದ್ದರೆ, ಮಲ ಸುಣ್ಣದಂತೆ ಬಿಳಿಚಿದ್ದರೆ, ಒಂದು ದಿನವೂ ತಡಮಾಡಬೇಡಿ. ಪಿತ್ತನಾಳವೇ ಮುಚ್ಚಿಹೋದ ಕೂಸುಗಳಿಗೆ ಸುಮಾರು 60 ದಿನಗಳೊಳಗೆ ಮಾಡಿದ ಶಸ್ತ್ರಚಿಕಿತ್ಸೆಯೇ ಹೆಚ್ಚು ಫಲ ಕೊಡುತ್ತದೆ. ಹಿರಿಯರ ಅಕ್ಕರೆಯನ್ನು ಗೌರವಿಸೋಣ. ಮಗುವನ್ನು ಮಾತ್ರ ವೈದ್ಯರಿಗೆ ತೋರಿಸೋಣ.