ತಿಂಥಣಿಯ ತಾಮ್ರ

ಯಾದಗಿರಿಯಿಂದ ಸುರಪುರದ ಬಸ್ಸು ಹತ್ತುವವರು ಹೇಗಾದರೂ ಮಾಡಿ ಕಿಟಕಿ ಪಕ್ಕದ ಸೀಟು ಹಿಡಿಯಬೇಕು. ಭೀಮೆ ದಾಟಿದ ಮೇಲೆ ನೋಡಲು ಸಿಗುವುದು ಹತ್ತಿ, ತೊಗರಿ, ಕಾಲುವೆ ಬಂದ ಕಡೆ ಭತ್ತ, ಮಿಕ್ಕಂತೆ ಕಲ್ಲು. ಶಹಾಪುರ ಸಮೀಪಿಸಿದರೆ ತೂಕಡಿಸುತ್ತಿದ್ದವರೂ ಒಮ್ಮೆ ಹೊರಗೆ ಕಣ್ಣು ಹಾಯಿಸುತ್ತಾರೆ. ಅಲ್ಲಿ ಬೆಟ್ಟದ ಮೇಲೆ ಬುದ್ಧ ಮಲಗಿದ್ದಾನೆ. ಹಣೆ, ಮೂಗು, ಗದ್ದ, ಎದೆ ಎಲ್ಲವೂ ಗ್ರಾನೈಟ್. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ತಣಿದು ಗಟ್ಟಿಯಾದ ಈ ಕಲ್ಲು, ಮೇಲಿನ ಪದರಗಳು ಸವೆದ ಮೇಲೆ ಹೊರಗೆ ಬಂದು, ಬಿರುಕು ಬಿಟ್ಟು, ಬಿಸಿಲಿಗೆ ಸಿಪ್ಪೆ ಕಳಚುತ್ತ ದುಂಡಾಗಿದೆ. ನಮ್ಮ ಭಾಗದ ಬಿಸಿಲು ಒಂದು ಕೆಲಸವನ್ನಾದರೂ ನೀಟಾಗಿ ಮಾಡಿದೆ.

ನಾನು ಹೇಳಹೊರಟದ್ದು ತಾಮ್ರದ ವಿಷಯ. ಕರ್ನಾಟಕದ ತಾಮ್ರ ಎಂದರೆ ಚಿತ್ರದುರ್ಗದ ಇಂಗಳದಾಳ, ಹಾಸನದ ಕಲ್ಯಾಡಿ ಎಂದು ಬಾಯಿಪಾಠ ಮಾಡಿದವರಿಗೆ, ಅದೇ ಸಾಲಿನಲ್ಲಿ ಸುರಪುರ ಸೀಮೆಯ ತಿಂಥಣಿಯ ಹೆಸರೂ ಇದೆ ಎಂದರೆ ನಂಬಿಕೆ ಬರುವುದಿಲ್ಲ. ತಿಂಥಣಿ ಎಂದರೆ ಮೌನೇಶ್ವರ, ತಿಂಥಣಿ ಎಂದರೆ ಜಾತ್ರೆ, ಕೃಷ್ಣೆಯ ಮೇಲಿನ ಬ್ರಿಜ್. ತಾಮ್ರ ಎಲ್ಲಿಂದ ಬಂತು?

ಬಂದದ್ದು ನೀರಿನಿಂದ. ಇಂಥ ಕಲ್ಲುಸೀಮೆಯಲ್ಲಿ ಅದು ಬರುವ ದಾರಿ ಸಾಮಾನ್ಯವಾಗಿ ಹೀಗೆ: ಕಲ್ಲು ಗಟ್ಟಿಯಾದ ಮೇಲೂ ಭೂಮಿ ಸುಮ್ಮನಿರುವುದಿಲ್ಲ, ಒತ್ತುತ್ತದೆ, ಜರುಗುತ್ತದೆ, ಸೀಳುತ್ತದೆ. ಆ ಸೀಳುಗಳಲ್ಲಿ ಆಳದಿಂದ ಕುದಿನೀರು ಮೇಲೇರುತ್ತದೆ. ಅದರಲ್ಲಿ ಬೆಣಚು, ಗಂಧಕ, ಕಬ್ಬಿಣ, ತಾಮ್ರ ಎಲ್ಲ ಕರಗಿರುತ್ತವೆ. ನೀರು ಆರುತ್ತ ಬಂದಂತೆ ಒಂದೊಂದನ್ನೇ ಬಿಟ್ಟುಹೋಗುತ್ತದೆ. ಬಿಳಿ ಬೆಣಚಿನ ಎಳೆಯಲ್ಲಿ ಹಿತ್ತಾಳೆ ಬಣ್ಣದ ಕಾಳು ಕಂಡರೆ ಅದು ಚಾಲ್ಕೋಪೈರೈಟ್. ಅದರ ತೂಕದಲ್ಲಿ ಮೂರನೇ ಒಂದು ಪಾಲು ತಾಮ್ರ. ಆದರೆ ಅದು ಒಳಗಿನ ಮಾತು. ಗುಡ್ಡದ ಮೈಮೇಲೆ ಕಾಣುವುದು ಹಸಿರು. ತಿಂಗಳುಗಟ್ಟಲೆ ಹುಣಸೆಹಣ್ಣು ಕಾಣದ ತಾಮ್ರದ ಕೊಡಕ್ಕೆ ಹಿಡಿಯುತ್ತದಲ್ಲ, ಅಂಥ ಕಿಲುಬು. ಗಾಳಿ, ಮಳೆ ತಾಗಿದ ಅದಿರು ಮ್ಯಾಲಕೈಟ್ ಆಗಿ ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಭೂವಿಜ್ಞಾನಿಗಳು ಅದನ್ನು ಕಂಡರೆ ಸುತ್ತಿಗೆ ತೆಗೆಯುತ್ತಾರೆ.

ನಾನು ಗುಡ್ಡದ ಬದಿಯಲ್ಲಿ ಬಗ್ಗಿ ಬಗ್ಗಿ ಕಲ್ಲು ನೋಡುತ್ತಿದ್ದಾಗ ಕುರಿ ಕಾಯುವ ಹಿರಿಯರೊಬ್ಬರು ನಿಂತರು.

“ಏನ್ ಕಳಕೊಂಡೀರಿ ಸರ?”

“ಏನಿಲ್ಲ ಯಜಮಾನ್ರ, ಇಲ್ಲಿ ತಾಮ್ರ ಅದ ಅಂತ.”

“ತಾಮ್ರ ಏನ್ ನೋಡ್ತೀರಿ, ಬಂಗಾರ ನೋಡ್ರಿ. ಹೊಳಿ ಆಚಿಗಿ ಹಟ್ಟ್ಯಾಗ ತಗಿಲಾಕತ್ತಾರ.”

ಅವರ ಅರ್ಥಶಾಸ್ತ್ರ ಸರಿಯಾಗಿಯೇ ಇತ್ತು. ಟನ್ನಿಗೆ ಕೆಲವೇ ಗ್ರಾಂ ಸಿಕ್ಕರೂ ಬಂಗಾರದ ಗಣಿ ನಡೆಯುತ್ತದೆ. ತಾಮ್ರಕ್ಕೆ ಟನ್ನಿನಲ್ಲಿ ಕಿಲೋಗಟ್ಟಲೆ ಬೇಕು, ಮೇಲಾಗಿ ಅಂಥ ಟನ್ನುಗಳು ಲಕ್ಷಗಟ್ಟಲೆ ಇರಬೇಕು. ಸಣ್ಣ ನಿಕ್ಷೇಪದ ಹಣೆಬರಹವೇ ಇದು.

ಅದಿರು ಹುಡುಕಿದವರಿಗೆ ಬೇರೇನೋ ಸಿಗುವುದೂ ಈ ಸೀಮೆಗೆ ಹೊಸದಲ್ಲ. 1915ರಲ್ಲಿ ಮಸ್ಕಿಯ ಅಶೋಕನ ಶಾಸನ ಕಂಡದ್ದು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್‌ಗೆ. ಇತ್ತ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಸಾಹೇಬರು ಆಡಳಿತದ ನಡುವೆ ಬಿಡುವು ಮಾಡಿಕೊಂಡು ಸುತ್ತಲಿನ ಶಿಲಾಗೋರಿಗಳನ್ನು ಅಗೆದು ಬರೆದಿಟ್ಟರು. ಹುಣಸಗಿ ಬಯಲಿನ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದಾಗ, ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ ಆಯುಧ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಸುಮಾರು 12 ಲಕ್ಷ ವರ್ಷ ಹಳೆಯದೆಂದು ಲೆಕ್ಕ ಹಾಕಿದ್ದಾರೆ. ಪರವಾನಗಿ ಇಲ್ಲದ ಕ್ವಾರಿ ಎಂದು ಈಗ ಯಾರ ಮೇಲೆ ಕೇಸು ಹಾಕುವುದು?

ಶಹಾಪುರದ ಪಕ್ಕದ ಗೋಗಿಯ ಕಥೆ ಬೇರೆ. ಆದಿಲ್‌ಶಾಹಿಯ ಮೊದಲ ಸುಲ್ತಾನ ಯೂಸುಫ್ ಮಲಗಿರುವ ಆ ಊರಿನಲ್ಲಿ ಗ್ರಾನೈಟೂ ಭೀಮಾ ಕಣಿವೆಯ ಸುಣ್ಣಕಲ್ಲೂ ಒಂದು ಸ್ತರಭಂಗದಲ್ಲಿ ಮುಖಾಮುಖಿಯಾಗಿವೆ. ಆ ಸಂದಿಯಲ್ಲಿ ಯುರೇನಿಯಂ ಇದೆ. ಅದು ಗೊತ್ತಾದಂದಿನಿಂದ ಊರವರಿಗೆ ಕುಡಿಯುವ ನೀರಿನ ಚಿಂತೆ ಅಂಟಿಕೊಂಡಿದೆ.

ತಿಂಥಣಿಯ ತಾಮ್ರಕ್ಕೆ ಅಂಥ ಗತ್ತಿಲ್ಲ. ಒಂದು ಸಂಗತಿ ಮಾತ್ರ ನನಗೆ ತುಂಬ ಹಿಡಿಸುತ್ತದೆ: ಮೌನೇಶ್ವರರು ವಿಶ್ವಕರ್ಮರ ಗುರು. ಕಮ್ಮಾರ, ಬಡಿಗ, ಶಿಲ್ಪಿ, ಅಕ್ಕಸಾಲಿಗರ ಜೊತೆಗೆ ತಾಮ್ರ, ಕಂಚು ಬಡಿಯುವ ಕಂಚುಗಾರರೂ ಅಲ್ಲಿಗೆ ನಡೆದುಕೊಳ್ಳುತ್ತಾರೆ. ಅವರ ಗುರುವಿನ ಊರಿನಲ್ಲೇ ತಾಮ್ರ ಇರುವುದು ಬರೀ ಕಾಕತಾಳೀಯ ಎಂದು ನನಗೆ ಗೊತ್ತು. ಆದರೂ ಜಾತ್ರೆಯಲ್ಲಿ ಯಾರಾದರೂ ಇದನ್ನು ಪವಾಡವೆಂದರೆ ನಾನು ಎದುರು ವಾದಿಸುವುದಿಲ್ಲ.

ಇಂಗಳದಾಳದಂಥ ಇಂಗಳದಾಳದಲ್ಲೇ ತಾಮ್ರದ ಗಣಿಗಾರಿಕೆ ನಿಂತುಹೋಗಿದೆ. ಹಾಗಿರುವಾಗ ಹೊಳೆದಂಡೆಯ ಈ ಚೂರುಪಾರು ತಾಮ್ರಕ್ಕಾಗಿ ಗುಡ್ಡ ಒಡೆಯುವುದು ಲಾಭದ ಬಾಬತ್ತಲ್ಲ, ಬೇಕಾಗಿಯೂ ಇಲ್ಲ. ನೋಡಲು ಹೋಗುವವರು ಸಂಕ್ರಾಂತಿಯ ಆಸುಪಾಸಿನಲ್ಲಿ ಹೋಗಿ. ಏಪ್ರಿಲ್‌ನಲ್ಲಿ ಆ ಬಂಡೆಗಳ ಮೇಲೆ ಕೈ ಇಡಲಾಗುವುದಿಲ್ಲ.