ಸವಡಿಯ ಹಾದಿಯಲ್ಲಿ ನಾಲ್ಕು ಕ್ಯಾಮೆರಾಗಳು

ಗದಗಿನಿಂದ ರೋಣದ ಕಡೆಗೆ ಹೊರಟವರನ್ನು ದಾರಿಯುದ್ದಕ್ಕೂ ಎರೆಭೂಮಿಯೇ ಎದುರುಗೊಳ್ಳುತ್ತದೆ. ಮಳೆಗಾಲದಲ್ಲಿ ಎತ್ತಿನ ಗಾಲಿಯನ್ನೂ ಬಿಡದೆ ಹಿಡಿದುಕೊಳ್ಳುವ ಈ ಕರಿಯ ನೆಲ ಮಾಗಿಯಲ್ಲಿ ಬಿರುಕು ಬಿಡುತ್ತದೆ. ಆ ಬಿರುಕುಗಳ ನಡುವೆಯೇ ಬಿಳಿಜೋಳವೂ ಕಡಲೆಯೂ ಕುಸುಬೆಯೂ ನಳನಳಿಸುತ್ತವೆ. ರೋಣ ತಾಲೂಕಿನ ಸವಡಿ ಇಂಥ ಎರೆಸೀಮೆಯ ಹಳ್ಳಿ. 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಪ್ರದೇಶ ಈಗ ಗದಗ ಜಿಲ್ಲೆಯಲ್ಲಿದೆ. ರಾಷ್ಟ್ರಕೂಟರ ಕಾಲದ ದೇವಾಲಯಗಳನ್ನು ಎಣಿಸುವ ವಿದ್ವಾಂಸರು ಕುಕನೂರಿನ ನವಲಿಂಗ, ರೋಣದ ಮಲ್ಲಿಕಾರ್ಜುನ ಗುಡಿಗಳೊಡನೆ ಸವಡಿಯ ಬ್ರಹ್ಮದೇವ ದೇವಾಲಯವನ್ನೂ ಹೆಸರಿಸುತ್ತಾರೆ.

ಕಳೆದ ಎಳ್ಳಮಾವಾಸ್ಯೆಯ ನಸುಕಿನಲ್ಲಿ ಗದಗಿನ ನಿವೃತ್ತ ಮಾಸ್ತರರೊಬ್ಬರು ಈ ಹಾದಿ ಹಿಡಿದರು. ಒಂದು ಕಾಲಕ್ಕೆ ಅವರು ಸವಡಿಯಲ್ಲಿ ಹನ್ನೊಂದು ವರ್ಷ ಶಾಲೆ ಕಲಿಸಿದವರು. ಕಾರು ನಡೆಸುತ್ತಿದ್ದವನು ಬೆಂಗಳೂರಿನಿಂದ ಬಂದಿದ್ದ ಮಗ. ಹಿಂದಿನ ಆಸನದಲ್ಲಿ ರೊಟ್ಟಿಯ ಬುತ್ತಿಯ ಪಕ್ಕಕ್ಕೆ ಒಂದು ದೊಡ್ಡ ಚೀಲವಿದ್ದಿತು. ಅದರೊಳಗೆ ನಾಲ್ಕು ಕ್ಯಾಮೆರಾಗಳು.

ಗದಗಿನ ಮನೆಯನ್ನು ತೆರವು ಮಾಡಿ ಮಗನ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. “ಅಪ್ಪಾ, ಮನಿ ಸಣ್ಣದೈತಿ. ಎರಡು ಇಟ್ಟುಕೋರಿ, ಉಳಿದವು ಯಾರಿಗಾದರೂ ಹೋಗಲಿ” ಎಂದು ಮಗ ಹೇಳಿದ್ದನು. ಮಾತು ನ್ಯಾಯವಾದುದೇ. ಆದರೆ ಯಾವ ಎರಡು? “ಮೂರು ದಿನಾ ಆತು, ಕಪಾಟು ತಗೀತೀರಿ, ನೋಡ್ತೀರಿ, ಮುಚ್ತೀರಿ. ಹೊರಗ ಹೋಗಿ ತಗದು ನೋಡಿದ್ರ ತಿಳೀತೈತಿ” ಎಂದು ಮಡದಿ ಸೂಚಿಸಿದ ಮೇಲೆಯೇ ಈ ಪ್ರಯಾಣ ಏರ್ಪಟ್ಟಿತು.

ನಾಲ್ಕರಲ್ಲಿ ಹಿರಿಯದು ಎರಡು ಕಣ್ಣಿನ ಯಾಶಿಕಾ. 1970ರಿಂದ 1986ರವರೆಗೆ ತಯಾರಾದ 124-ಜಿ ಎಂಬ ಮಾದರಿಯದು. ಒಂದು ರೋಲಿಗೆ ಹನ್ನೆರಡೇ ಚಿತ್ರ, ಪ್ರತಿಯೊಂದೂ ಸುಮಾರು ಆರು ಸೆಂಟಿಮೀಟರಿನ ಚೌಕ. ಎರಡನೆಯದು 35 ಮಿ.ಮೀ. ಫಿಲ್ಮಿನ ನಿಕಾನ್. ಉಳಿದೆರಡೂ ಅದೇ ಕಂಪನಿಯ ಡಿಜಿಟಲ್ ಕ್ಯಾಮೆರಾಗಳು: ಒಂದರ ಸೆನ್ಸರ್ ಹಳೆಯ ಫಿಲ್ಮಿನಷ್ಟೇ, ಎಂದರೆ 36×24 ಮಿ.ಮೀ. ಅಳತೆಯದು; ಇನ್ನೊಂದರದು ಅದರ ಅರ್ಧಕ್ಕಿಂತಲೂ ಕಡಿಮೆ ವಿಸ್ತೀರ್ಣದ್ದು.

ಬೆಳಕು ಹರಿಯುತ್ತಿದ್ದಂತೆ ಕಡಲೆಯ ಹೊಲವೊಂದರ ಅಂಚಿನಲ್ಲಿ ಕಾರು ನಿಂತಿತು. ದೂರದಲ್ಲಿ ಕೃಷ್ಣಮೃಗಗಳ ಹಿಂಡು ಮೇಯುತ್ತಿದ್ದಿತು. ಬೆಳೆಗೆ ಚಿಗರಿ ಬೀಳುವುದು ಈ ಸೀಮೆಯ ರೈತರ ಹಳೆಯ ದೂರು. ಚಿತ್ರಗಾರನಿಗೆ ಮಾತ್ರ ಅದು ದೊರೆತ ಭಾಗ್ಯ. ಮಾಸ್ತರರು ಚಿಕ್ಕ ಸೆನ್ಸರಿನ ಕ್ಯಾಮೆರಾಕ್ಕೆ 300 ಮಿ.ಮೀ. ಲೆನ್ಸನ್ನು ತೊಡಿಸಿದರು. ಇಂಥ ಬಾಡಿಯಲ್ಲಿ ಆ ಲೆನ್ಸು 450 ಮಿ.ಮೀ. ಲೆನ್ಸಿನಷ್ಟು ಕಿರಿದಾದ ನೋಟವನ್ನು ಕೊಡುವುದರಿಂದ ಮೃಗವು ಚೌಕಟ್ಟಿನ ತುಂಬ ನಿಲ್ಲುತ್ತದೆ. ಅದೇ ಲೆನ್ಸನ್ನು ದೊಡ್ಡ ಸೆನ್ಸರಿನದಕ್ಕೆ ಹಾಕಿ ನೋಡಿದಾಗ ಮೃಗ ಚಿಕ್ಕದಾಯಿತು, ಹೊಲ ದೊಡ್ಡದಾಯಿತು. ಆಮೇಲೆ ಕತ್ತರಿಸಿಕೊಳ್ಳಬಹುದಲ್ಲ ಎಂದು ಮಗ ಕೇಳಿದನು. ಕತ್ತರಿಸಬಹುದು, ಆದರೆ ಎರಡು ಕೋಟಿ ನಲವತ್ತು ಲಕ್ಷ ಬಿಂದುಗಳಲ್ಲಿ ಒಂದು ಕೋಟಿ ಏಳು ಲಕ್ಷದಷ್ಟು ಮಾತ್ರ ಉಳಿಯುತ್ತವೆ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಅಷ್ಟು ಸಾಕು, ಆದರೂ ನಷ್ಟ ನಷ್ಟವೇ.

ಇನ್ನೂ ಒಂದು ಪಾಠವನ್ನು ಆ ಹೊಲ ಕಲಿಸಿತು. ಲೆನ್ಸು ಬದಲಿಸುವಾಗ ಬೀಸಿದ ಗಾಳಿಯೊಡನೆ ಎರೆಯ ಸಣ್ಣ ಧೂಳು ಕ್ಯಾಮೆರಾದ ಒಡಲನ್ನು ಸೇರಿತು. ಮುಂದಿನ ಚಿತ್ರದ ಆಕಾಶದಲ್ಲಿ ಎರಡು ಬೂದು ಚುಕ್ಕೆಗಳು ಮೂಡಿದವು. ಬಯಲುಸೀಮೆಯಲ್ಲಿ ತಿರುಗುವ ಚಿತ್ರಗಾರರು ಎರಡು ಬಾಡಿಗಳನ್ನು ಹೊರುವುದು ಆಡಂಬರಕ್ಕಲ್ಲ. ಒಂದಕ್ಕೆ ದೂರದ ಲೆನ್ಸು, ಒಂದಕ್ಕೆ ಹತ್ತಿರದ ಲೆನ್ಸು ತೊಡಿಸಿಟ್ಟರೆ ಗಾಳಿಯಲ್ಲಿ ಬಿಚ್ಚುವ ಪ್ರಮೇಯವೇ ಬಾರದು. ಎರಡಕ್ಕೂ ಒಂದೇ ಬಗೆಯ ಲೆನ್ಸು, ಒಂದೇ ಬಗೆಯ ಬ್ಯಾಟರಿ ಹೊಂದುವಂತಿದ್ದರೆ ಚೀಲದ ಭಾರವೂ ಇಳಿಯುತ್ತದೆ. ಈ ಲೆಕ್ಕದಂತೆ ಡಿಜಿಟಲ್ ಜೋಡಿಯೇ ಉಳಿಯಬೇಕು, ಫಿಲ್ಮಿನವೆರಡೂ ಹೋಗಬೇಕು ಎಂದು ಮಗ ತೀರ್ಪು ಕೊಟ್ಟನು. ತಂದೆ ಮರುಮಾತಾಡಲಿಲ್ಲ.

ಬಿಸಿಲೇರುವ ಮೊದಲು ಇಬ್ಬರೂ ಊರಿನ ಗುಡಿಗೆ ಹೋದರು. ಹೊರಗಿನ ಬೆಳಕಿನಿಂದ ಕಲ್ಲಿನ ಗುಡಿಯ ಒಳಗೆ ಕಾಲಿಟ್ಟವರ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಕ್ಯಾಮೆರಾದ ಪಾಡೂ ಅದೇ. ಬಾಗಿಲ ಬೆಳಕಿಗೆ ಹೊಂದಿಸಿದರೆ ಕಂಬಗಳು ಮಸಿಯಾಗುತ್ತವೆ. ಕಂಬಗಳಿಗೆ ಹೊಂದಿಸಿದರೆ ಬಾಗಿಲು ಸುಣ್ಣವಾಗುತ್ತದೆ. ಮಾಸ್ತರರು ಅನುಮತಿ ಬೇಡಿ, ಮಡಿಸಿದ ಟವೆಲನ್ನು ಕಲ್ಲಿನ ಮೇಲಿಟ್ಟು, ಅದರ ಮೇಲೆ ದೊಡ್ಡ ಸೆನ್ಸರಿನ ಕ್ಯಾಮೆರಾವನ್ನು ಕೂರಿಸಿದರು. ಫ್ಲ್ಯಾಶ್ ಬಳಸಲಿಲ್ಲ. ಅರ್ಧ ಸೆಕೆಂಡಿನ ಚಿತ್ರದಲ್ಲಿ ಬಾಗಿಲ ಬಿಸಿಲೂ ಉಳಿಯಿತು, ಕಂಬದ ನೆರಳಿನ ಅಂಚೂ ಉಳಿಯಿತು. ಚಿಕ್ಕ ಸೆನ್ಸರು ತೆಗೆದ ಅದೇ ಚಿತ್ರದ ನೆರಳುಗಳನ್ನು ತಿಳಿಯಾಗಿಸಿದರೆ ಮರಳು ಎರಚಿದಂತೆ ಕಾಣುತ್ತಿದ್ದಿತು. ಬೆಳಕನ್ನು ಹಿಡಿಯುವ ಪಾತ್ರೆ ದೊಡ್ಡದಾದಷ್ಟೂ ಕತ್ತಲಲ್ಲಿ ಲಾಭ.

ಗುಡಿಯ ಕಟ್ಟೆಯ ಮೇಲೆ ಕುಳಿತು ಮಾಸ್ತರರು ಮಗನಿಗೆ ಹಳೆಯ ಸಂಗತಿಯೊಂದನ್ನು ಹೇಳಿದರು. ಈ ಧಾರವಾಡ ಸೀಮೆಯ ಗುಡಿಗಳಿಗೆ ಕ್ಯಾಮೆರಾ ಬಂದದ್ದು 1855ರ ಸುಮಾರಿಗೆ. ಮುಂಬಯಿ ಸರ್ಕಾರವು ಸೈನ್ಯದ ಅಧಿಕಾರಿ ಬಿಗ್ಸ್ ಅವರನ್ನೂ, ಅವರ ತರುವಾಯ ವೈದ್ಯರಾದ ಪಿಗೌ ಅವರನ್ನೂ ಈ ಕೆಲಸಕ್ಕೆ ನೇಮಿಸಿತ್ತು. ಆಗಿನ ನೆಗೆಟಿವು ಕಾಗದದ್ದು. ಅದರ ಮೇಲೆಯೇ ಇನ್ನೊಂದು ಕಾಗದವನ್ನಿಟ್ಟು ಬಿಸಿಲಿಗೆ ಹಿಡಿದು ಚಿತ್ರವನ್ನು ಇಳಿಸಿಕೊಳ್ಳುತ್ತಿದ್ದರು. ಆದಕಾರಣ ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ಕ್ಯಾಮೆರಾವನ್ನು ಹೊತ್ತು ತಿರುಗಬೇಕಿತ್ತು. ಅವರ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಹೊರಬಂದವು. ಸುರಪುರದ ಆಡಳಿತ ನೋಡಿದ್ದ ಮೆಡೋಸ್ ಟೇಲರ್ ಅದರ ಬರಹಗಾರರಲ್ಲೊಬ್ಬರು.

“ಆ ಚಿತ್ರದಾಗ ಒಂದೊಂದು ಕಲ್ಲೂ ಕಾಣತೈತಿ. ಆದ್ರ ಮಂದಿ?” ಎಂದು ಮಾಸ್ತರರು ಕೇಳಿದರು. ಕಾಗದದ ನೆಗೆಟಿವಿಗೆ ಬಹಳ ಹೊತ್ತು ಬೆಳಕು ತಾಗಬೇಕು. ಅಲುಗದೆ ನಿಂತದ್ದು ಮಾತ್ರ ಮೂಡುತ್ತದೆ. ನಡೆದು ಹೋದ ಮನುಷ್ಯನ ಗುರುತು ಚಿತ್ರದಲ್ಲಿ ಉಳಿಯುವುದಿಲ್ಲ. ಯಾವ ಕ್ಯಾಮೆರಾವನ್ನು ಇಟ್ಟುಕೊಳ್ಳುತ್ತೇವೆ ಎಂಬುದರ ಜೊತೆಗೆ, ಅದನ್ನು ಬಿಟ್ಟರೆ ಯಾರ ಚಿತ್ರ ನಮಗೆ ತಪ್ಪಿಹೋಗುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕೆಂದು ಅವರು ನುಡಿದರು.

ಮಧ್ಯಾಹ್ನದ ಹೊತ್ತಿಗೆ ಊರೇ ಹೊಲದಲ್ಲಿದ್ದಿತು. ಎಳ್ಳಮಾವಾಸ್ಯೆಯೆಂದರೆ ಭೂಮಿತಾಯಿಗೆ ಚರಗ ಚೆಲ್ಲುವ ದಿನ. ಬುಟ್ಟಿ ಹೊತ್ತ ಹೆಣ್ಣುಮಕ್ಕಳು, ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಜೋಳದ ದಂಟುಗಳ ನಡುವೆ ಓಡುವ ಮಕ್ಕಳು. ಡಿಜಿಟಲ್ ಕ್ಯಾಮೆರಾವನ್ನು ಮುಖಕ್ಕೆ ಹಿಡಿದೊಡನೆ ಎಲ್ಲರೂ ಸೆರಗು ಸರಿಪಡಿಸಿಕೊಂಡು ಸಾಲಾಗಿ ನಿಂತರು. ಮಾಸ್ತರರು ನಕ್ಕು ಯಾಶಿಕಾವನ್ನು ಕೊರಳಿಗೆ ಹಾಕಿಕೊಂಡರು. ಅದನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ತಲೆಬಾಗಿ ಗಾಜಿನೊಳಗೆ ನೋಡಬೇಕು. ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಶಟರಿನ ಸದ್ದು ಬೆರಳು ಚಿಟಿಕಿದಷ್ಟು. ತಲೆಬಾಗಿದ ಮುದುಕನನ್ನು ಯಾರೂ ಗಮನಿಸದಾದರು, ಊಟ ಸಾಗಿತು. ಇದ್ದುದು ಒಂದೇ ರೋಲು. ಹನ್ನೆರಡು ಸಲ ಮಾತ್ರ ಅವರು ಗುಂಡಿ ಒತ್ತಿದರು.

ಆಗ ವೃದ್ಧೆಯೊಬ್ಬಳು ಹತ್ತಿರ ಬಂದಳು. “ಮಾಸ್ತರ, ಆ ಎರಡು ಕಣ್ಣಿನ ಡಬ್ಬಿ ಇನ್ನೂ ಐತೇನ್ರಿ?” ಎಂದು ಕೇಳಿ, ಸಂಜೆ ಇಬ್ಬರನ್ನೂ ಮನೆಗೆ ಕರೆದೊಯ್ದಳು. ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಚಿತ್ರವಿದ್ದಿತು: ರುಮಾಲಿನ ಗಂಡಸೊಬ್ಬ ಬಿಳಿಯ ಎತ್ತುಗಳ ನಡುವೆ ನಿಂತಿದ್ದಾನೆ. ಅವಳ ಗಂಡ, ತೀರಿಕೊಂಡು ಬಹಳ ವರ್ಷಗಳಾಗಿವೆ. ಅವನದೆಂದು ಇರುವುದು ಅದೊಂದೇ ಚಿತ್ರ. ಗೆದ್ದಲು ಒಂದು ಮೂಲೆಯನ್ನು ತಿಂದು ಎತ್ತಿನ ಕೊಂಬಿನವರೆಗೆ ಬಂದಿತ್ತು. “ಮಾರಿತನಾ ಬರೋದ್ರೊಳಗ ಇನ್ನೊಂದು ಮಾಡಿ ಕೊಡ್ರಿ ಯಪ್ಪಾ” ಎಂದಳು.

ಮಗ ಬಹಳ ಹೊತ್ತು ಆ ಚಿತ್ರದ ಮುಂದೆ ನಿಂತನು. ಅವನ ಮಗಳು ಹುಟ್ಟಿದ ವರ್ಷದ ಚಿತ್ರಗಳೆಲ್ಲ ಒಂದು ಹಾರ್ಡ್ ಡಿಸ್ಕ್ ಕೆಟ್ಟು ಹೋದಾಗ ಇಲ್ಲವಾಗಿದ್ದವು. ಅವುಗಳ ಇನ್ನೊಂದು ಪ್ರತಿಯನ್ನು ಅವನು ಎಲ್ಲಿಯೂ ಇಟ್ಟಿರಲಿಲ್ಲ.

ತೀರ್ಮಾನ ಆ ಮನೆಯ ಕಟ್ಟೆಯ ಮೇಲೆಯೇ ಆಯಿತು. 35 ಮಿ.ಮೀ. ಫಿಲ್ಮಿನದು ಹೋಗಬಹುದು, ಅಷ್ಟೇ ಅಳತೆಯ ಚಿತ್ರವನ್ನು ದೊಡ್ಡ ಸೆನ್ಸರಿನ ಬಾಡಿ ತೆಗೆಯುತ್ತದೆ, ಹಳೆಯ ಲೆನ್ಸುಗಳೂ ಅದಕ್ಕೆ ಹೊಂದುತ್ತವೆ. ದೊಡ್ಡ ಸೆನ್ಸರಿನದು ಉಳಿಯಬೇಕು; ಬೆಂಗಳೂರಿನ ಮನೆಯ ಮಬ್ಬು ಬೆಳಕಿನಲ್ಲಿ ಮೊಮ್ಮಗಳು ಒಂದು ಕ್ಷಣವೂ ನಿಲ್ಲುವುದಿಲ್ಲ. ಚಿಗರಿಯನ್ನು ಹಿಡಿಯುವ ಚಿಕ್ಕ ಸೆನ್ಸರಿನದಕ್ಕೆ ಅಲ್ಲಿ ಕೆಲಸವಿಲ್ಲ. ಅದರ ಕೆಲಸವಿರುವುದು ಇಲ್ಲಿ. ಮೊಬೈಲಿನಲ್ಲಿಯೇ ಹಕ್ಕಿಗಳ ಬೆನ್ನು ಹತ್ತಿದ್ದ ಹಳೆಯ ಶಿಷ್ಯನೊಬ್ಬನನ್ನು ಕರೆದು ಲೆನ್ಸಿನ ಸಮೇತ ಅದನ್ನು ಒಪ್ಪಿಸಿದರು. ಬೆಲೆ ಕೇಳಿದಾಗ ಒಂದೇ ಕರಾರು ಹೇಳಿದರು: “ಊರಾಗ ಯಾರು ಕೇಳಿದ್ರೂ ಫೋಟೋ ತಗೀಬೇಕು, ಕಾಗದದ ಮ್ಯಾಲ ಇಳಿಸಿ ಕೈಯಾಗ ಕೊಡಬೇಕು.” ಯಾಶಿಕಾದ ವಿಷಯವಾಗಿ ಮಗನೇ ಮೊದಲು ಮಾತಾಡಿದನು: “ಅದು ಇರಲಿ ಅಪ್ಪಾ.”

ಆ ರಾತ್ರಿ ಗದಗಿನ ಮನೆಯಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿಗಳು ಹೊರಬಂದವು. ಮೂರನೆಯ ಡಬ್ಬಿಯಲ್ಲಿ, ಮೇಲೆ ಪೆನ್ಸಿಲಿನಿಂದ ‘ಸವಡಿ’ ಎಂದು ಬರೆದ ಲಕೋಟೆಯೊಳಗೆ ಆ ನೆಗೆಟಿವು ದೊರೆಯಿತು. ಮಗ ಅದನ್ನು ದೀಪಕ್ಕೆ ಹಿಡಿದನು. ಎರೆಹೊಲ ಬೆಳ್ಳಗಿತ್ತು, ಎತ್ತುಗಳು ಕರ್ರಗಿದ್ದವು. ನಾಲ್ಕು ಮೂಲೆಗಳೂ ನೆಟ್ಟಗಿದ್ದವು.