ಶಹಾಪುರದ ಬೆಟ್ಟ, ಹೆದ್ದಾರಿಯ ಗೆರೆ

ಶಹಾಪುರದ ಬೆಟ್ಟಗಳು ದೂರದಿಂದ ನೋಡುವವರಿಗೆ ಮಲಗಿದ ಬುದ್ಧನಂತೆ ತೋರುತ್ತವೆ. ಯಾದಗಿರಿ ಸೀಮೆಗೆ ಬರುವ ಛಾಯಾಗ್ರಾಹಕರಿಗೆ ಹಗಲಿನ ಚಿತ್ರ ಅದೇ. ಆದರೆ ಶಹಾಪುರ, ಸುರಪುರಗಳನ್ನು ಹಾದುಹೋಗುವ 150ಎ ಹೆದ್ದಾರಿಯ ದೀಪಗಳನ್ನೂ ಆ ಬೆಟ್ಟವನ್ನೂ ಒಂದೇ ಚಿತ್ರದಲ್ಲಿ ಹಿಡಿಯಬೇಕಾದರೆ ಸೂರ್ಯಾಸ್ತದ ತರುವಾಯ ಅರ್ಧ ಗಂಟೆಯೊಳಗೆ ಕೆಲಸ ಮುಗಿಯಬೇಕು. ಕತ್ತಲೆ ಕವಿದರೆ ಬುದ್ಧನ ಹಣೆ, ಮೂಗುಗಳು ಆಕಾಶದಲ್ಲಿ ಕರಗಿಹೋಗುತ್ತವೆ. ಅದಕ್ಕೂ ಮುಂಚೆ ದೀಪಗಳು ಮಂಕು.

ರಸ್ತೆಯಿಂದ ದೂರ, ಹೊಲದ ಬದುವಿನ ಮೇಲೆ ಮುಕ್ಕಾಲಿಯನ್ನು ಊರಿ, ಕ್ಯಾಮೆರಾದ ಕಣ್ಣನ್ನು ಕಿರಿದುಮಾಡಿ 20 ಸೆಕೆಂಡು ತೆರೆದಿಟ್ಟರೆ ಸಾಕು. ಎದುರು ಬರುವ ಲಾರಿ ಬಿಳಿಯ ಗೆರೆ. ದೂರ ಸಾಗುವ ಬಸ್ಸು ಕೆಂಪು ಗೆರೆ. ವಾಹನವಾಗಲಿ ಅದರೊಳಗಿನ ಜನರಾಗಲಿ ಕಾಣುವುದಿಲ್ಲ. ಓಡುವ ವಸ್ತುವಿನ ರೂಪ ಮೂಡುವಷ್ಟು ಬೆಳಕು ಒಂದೆಡೆ ನಿಲ್ಲುವುದೇ ಇಲ್ಲ.

ಹತ್ತಿ ಹೇರಿದ ಎತ್ತಿನ ಬಂಡಿಯೊಂದು ಅದೇ ಹೊತ್ತಿನಲ್ಲಿ ದೀಪವಿಲ್ಲದೆ ಸಾಗಿದರೆ ಚಿತ್ರದಲ್ಲಿ ಅದರ ಸುಳಿವೇ ಇರದು. ಚಿತ್ರಕ್ಕೆ ಅದು ಲೋಪವಲ್ಲ. ಆದರೆ ಹಿಂದಿನಿಂದ ಬರುವ ಲಾರಿಯ ಚಾಲಕನ ಕಣ್ಣಿಗೂ ಬಂಡಿ ಹೀಗೆಯೇ ತಪ್ಪಬಹುದು. ಬಂಡಿಯ ಹಿಂದೆ ಲಾಂದ್ರವೊಂದನ್ನು ತೂಗುಹಾಕಿದ್ದಾದರೆ, ಬಾಣದಂತಹ ಆ ಉದ್ದ ಗೆರೆಗಳ ಪಕ್ಕದಲ್ಲಿ ತುಂಡು ಗೆರೆಯೊಂದು ಎತ್ತುಗಳ ನಡಿಗೆಗೆ ತಕ್ಕಂತೆ ಓಲಾಡುತ್ತ ಮೂಡುತ್ತದೆ.